ಸರಪಳಿ ಹಿಡಿದು ನಾಡನ್ನು ಅಳೆದ ಲ್ಯಾಂಬ್ಟನ್

ಎವರೆಸ್ಟ್ ಶಿಖರದ ಹೆಸರು ಕೇಳದವರಿಲ್ಲ. ಅದಕ್ಕೆ ಆ ಹೆಸರು ಬಂದದ್ದು ಸರ್ವೆಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರಿಂದ. ಆದರೆ ಎವರೆಸ್ಟ್ ಯಾರ ಸಹಾಯಕರಾಗಿ ಕೆಲಸ ಮಾಡಿದರೋ ಆ ವಿಲಿಯಂ ಲ್ಯಾಂಬ್ಟನ್ ಅವರನ್ನು ನೆನೆಯುವವರು ಕಡಿಮೆ. ಅವರ ಸರ್ವೆ ನಮ್ಮ ಬೆಂಗಳೂರು, ಮಂಗಳೂರುಗಳನ್ನೂ ಮುಟ್ಟಿದ್ದರಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಕುಟುಂಬದಲ್ಲಿ ಹುಟ್ಟಿದರು. ಗಣಿತದಲ್ಲಿ ಜಾಣರು. ಸೈನ್ಯ ಸೇರಿ ಅಮೆರಿಕದಲ್ಲಿ ಹಲವು ವರ್ಷ ಇದ್ದು, ನಂತರ ಭಾರತಕ್ಕೆ ಬಂದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಒಂದು ರಾತ್ರಿ ಪಡೆ ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದ್ದುದನ್ನು ಅವರು ನಕ್ಷತ್ರ ನೋಡಿಯೇ ಗುರುತಿಸಿದರೆಂದು ಹೇಳುತ್ತಾರೆ.

ಟಿಪ್ಪು ಸುಲ್ತಾನ್ ಮಡಿದ ಮೇಲೆ, ಗೆದ್ದ ನೆಲವನ್ನು ಆಳಲು ಕಂಪನಿಗೆ ನಕ್ಷೆ ಬೇಕಾಯಿತು. ಈ ಸರ್ವೆ ನಮ್ಮ ಜನರ ಒಳಿತಿಗೆಂದು ಶುರುವಾದದ್ದಲ್ಲ ಎಂಬುದನ್ನು ನಾವು ಮರೆಯಬಾರದು. ಆದರೂ ಲ್ಯಾಂಬ್ಟನ್ ಅನುಸರಿಸಿದ ವಿಧಾನ ಕಲಿಯಲು ಯೋಗ್ಯವಾದದ್ದು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅವರು 100 ಅಡಿಯ ಉಕ್ಕಿನ ಸರಪಳಿಯಿಂದ ಸುಮಾರು 12 ಕಿಲೋಮೀಟರ್ ಉದ್ದದ ಆಧಾರ ರೇಖೆಯನ್ನು ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟು, ಉಷ್ಣತೆ ನೋಡಿ ಲೆಕ್ಕ ಸರಿಪಡಿಸುತ್ತಿದ್ದರು.

ಮುಂದಿನದು ನಾವು ಓದುವ ತ್ರಿಕೋನಮಿತಿಯೇ. ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದ ಬಾಹುಗಳು ಸಿಗುತ್ತವೆ. ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಬೆಟ್ಟ, ಗೋಪುರಗಳ ಮೇಲೆ ಹೊತ್ತೊಯ್ದು ಕೋನ ಅಳೆಯುತ್ತಾ, ತ್ರಿಭುಜದ ಪಕ್ಕಕ್ಕೆ ತ್ರಿಭುಜ ಜೋಡಿಸುತ್ತಾ ಮಂಗಳೂರಿನ ಕಡಲತೀರ ಮುಟ್ಟಿದರು. ಹಳೆಯ ನಕ್ಷೆಗಳು ಈ ಅಗಲವನ್ನು ಸುಮಾರು 40 ಮೈಲಿ ಹೆಚ್ಚು ತೋರಿಸಿದ್ದವು!

ಖರ್ಚು ಕಂಡು ಮದರಾಸಿನ ಅಧಿಕಾರಿಯೊಬ್ಬರು ಹಂಗಿಸಿದ್ದರು: ಶ್ರೀರಂಗಪಟ್ಟಣಕ್ಕೆ ಹೋಗುವವರಿಗೆ ನಕ್ಷೆ ಯಾಕೆ, ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕಲ್ಲ ಎಂಬುದು ಅವರ ವಾದ. ಆದರೆ ಪಲ್ಲಕ್ಕಿಯವರಿಗೆ ದಾರಿ ಗೊತ್ತಿದ್ದರೆ ಸಾಕು. ಕಾಲುವೆ ತೋಡುವವರಿಗೆ, ಸೇತುವೆ ಕಟ್ಟುವವರಿಗೆ ನಿಖರವಾದ ಅಳತೆ ಬೇಕು.

ನನಗೆ ಬಹಳ ಹಿಡಿಸಿದ್ದು ಅವರ ಮರುಪರೀಕ್ಷೆ. 1804ರಲ್ಲಿ ಬೆಂಗಳೂರಿನ ಹತ್ತಿರ ಅವರ ತಂಡ ಇನ್ನೊಂದು ರೇಖೆಯನ್ನು ನೇರವಾಗಿ ಅಳೆಯಿತು. ಮದರಾಸಿನಿಂದ ತ್ರಿಭುಜಗಳ ಮೂಲಕ ಬಂದ ಲೆಕ್ಕಕ್ಕೂ ಈ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ! 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಕಡಿದು ಥಿಯೋಡೊಲೈಟ್ ಗೋಡೆಗೆ ಬಡಿದು ಸೊಟ್ಟಗಾಯಿತು. ಅವರು ಯಾರನ್ನೂ ದೂರುತ್ತಾ ಕೂರದೆ, ವಾರಗಟ್ಟಲೆ ತಾವೇ ಕುಳಿತು ಅದನ್ನು ಸರಿಪಡಿಸಿದರು.

1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ, ಸರ್ವೆಯ ಹಾದಿಯಲ್ಲೇ ಅವರು ತೀರಿಕೊಂಡರು. ಆಗ ಅವರಿಗೆ ಸುಮಾರು 70 ವರ್ಷ. ಸರಪಳಿ ಎಳೆದು, ಬಾವುಟ ಹಿಡಿದು ಕಾಡುಜ್ವರಕ್ಕೆ ಬಲಿಯಾದ ನಮ್ಮ ನಾಡಿನ ಕೂಲಿಗಳನ್ನೂ ಅವರೊಂದಿಗೆ ನೆನೆಯಬೇಕು.

ಇಂದು ಜಿಪಿಎಸ್, ಡ್ರೋನ್ ಬಂದಿವೆ. ಆದರೂ ರಸ್ತೆ, ಅಣೆಕಟ್ಟು ಯಾವುದಕ್ಕೇ ಆಗಲಿ, ಮೊದಲು ನಂಬಬಹುದಾದ ಕೆಲವು ಬಿಂದುಗಳನ್ನು ಗುರುತಿಸಿ, ಮತ್ತೆ ಅಳೆದು ಖಚಿತಪಡಿಸಿಕೊಳ್ಳಬೇಕು. ಇಂಜಿನಿಯರ್ ಆಗಬಯಸುವ ಸ್ನೇಹಿತರೇ, ಉತ್ತರ ಬಂದ ಕೂಡಲೇ ಪೆನ್ನು ಕೆಳಗಿಡಬೇಡಿ. ಇನ್ನೊಂದು ದಾರಿಯಿಂದಲೂ ಅದೇ ಉತ್ತರ ಬರುತ್ತದೆಯೇ ನೋಡಿ.