ಶಸ್ತ್ರವೈದ್ಯ ಪರ್ಸಿವಲ್ ಪಾಟ್

ಪರ್ಸಿವಲ್ ಪಾಟನು ಕ್ರಿ.ಶ. 1714ರ ಜನವರಿ 6ರಂದು ಲಂಡನ್ ನಗರದಲ್ಲಿ ಜನಿಸಿದನು. ಶೈಶವದಲ್ಲಿಯೇ ಪಿತೃವಿಯೋಗವಾಯಿತು. ಹದಿನೈದರ ಪ್ರಾಯದಲ್ಲಿ ಎಡ್ವರ್ಡ್ ನರ್ಸ್ ಎಂಬ ಶಸ್ತ್ರವೈದ್ಯನನ್ನು ಆಶ್ರಯಿಸಿ, ಏಳು ವರ್ಷ ಶಿಷ್ಯವೃತ್ತಿ ನಡೆಸಿ, 1749ರಲ್ಲಿ ಸಂತ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯನಾದನು. 1756ರಲ್ಲಿ ಕುದುರೆಯಿಂದ ಬಿದ್ದಾಗ ಕಾಲಿನ ಎಲುಬು ಮುರಿದು ಚರ್ಮವನ್ನು ಸೀಳಿಕೊಂಡು ಹೊರಬಂದಿತು. ಕಾಲನ್ನು ಕತ್ತರಿಸಲು ಸಕಲ ಸಿದ್ಧತೆಯೂ ಆಗಿದ್ದಿತು. ಅಷ್ಟರಲ್ಲಿ ಬಂದ ಗುರು ನರ್ಸನು ತಡೆದುದರಿಂದ ಕಾಲು ಉಳಿಯಿತು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿಯೇ ಪಾಟನು ಗ್ರಂಥರಚನೆಗೆ ತೊಡಗಿದನು. ಬೆನ್ನೆಲುಬಿನ ಕ್ಷಯಕ್ಕೆ ಇಂದಿಗೂ ಅವನ ಹೆಸರೇ ಇದೆ.

ಆದರೆ ಅವನ ಕೀರ್ತಿಗೆ ಮುಕುಟಪ್ರಾಯವಾದುದು 1775ರಲ್ಲಿ ಪ್ರಕಟವಾದ ಕೆಲವೇ ಪುಟಗಳ ಒಂದು ಬರಹ. ಕಲ್ಲಿದ್ದಲು ಉರಿಸುತ್ತಿದ್ದ ಲಂಡನ್ನಿನ ಮನೆಗಳಲ್ಲಿ ಹೊಗೆಗೂಡುಗಳು ಅತಿ ಇಕ್ಕಟ್ಟು. ಅವುಗಳೊಳಗೆ ಹತ್ತಿ ಮಸಿ ಗುಡಿಸಲು ಐದಾರು ವರ್ಷದ ಬಡಹುಡುಗರನ್ನು, ಅನೇಕ ಸಲ ಬರಿಮೈಯಲ್ಲಿಯೇ, ನೂಕುತ್ತಿದ್ದರು. ಹಸಿವು, ಚಳಿ, ಸುಟ್ಟ ಗಾಯ, ಉಸಿರುಕಟ್ಟುವ ಹೊಗೆ ಇವೇ ಆ ಕಂದಮ್ಮಗಳ ಬಾಲ್ಯ. ಅಲ್ಲಿಂದ ಬದುಕಿ ಬೆಳೆದವರ ವೃಷಣಚೀಲದ ಚರ್ಮದ ಮೇಲೆ ಒಂದು ಹುಣ್ಣು ಏಳುತ್ತಿದ್ದಿತು. ಕೆಲಸಗಾರರು ಅದನ್ನು ಮಸಿಯ ನರುಲಿ ಎನ್ನುತ್ತಿದ್ದರು. ವೈದ್ಯರಾದರೋ ಗುಹ್ಯರೋಗವೆಂದು ಬಗೆದು ಪಾದರಸ ಕೊಡುತ್ತಿದ್ದರು. ರೋಗದ ಜೊತೆಗೆ ಕಳಂಕವೂ ಅಂಟುತ್ತಿದ್ದಿತು. ಪಾಟನು ರೋಗಿಯ ನಡತೆಯನ್ನು ಶಂಕಿಸದೆ ಅವನ ವೃತ್ತಿಯನ್ನು ವಿಚಾರಿಸಿದನು. ಚರ್ಮದ ಮಡಿಕೆಗಳಲ್ಲಿ ನೆಲೆನಿಂತ ಮಸಿಯಿಂದಲೇ ಹುಟ್ಟಿದ ಅರ್ಬುದ, ಎಂದರೆ ಕ್ಯಾನ್ಸರ್, ಇದೆಂದು ಸಾರಿದನು. ಮೈಗೆ ಅನ್ನ ತರಬೇಕಾದ ಕಾಯಕವೇ ಮೈಯನ್ನು ತಿನ್ನುತ್ತಿದ್ದಿತು! ವ್ರಣವನ್ನು ಮೊದಲಲ್ಲಿಯೇ ಕತ್ತರಿಸಿ ತೆಗೆಯದಿದ್ದರೆ ಅದು ಒಳಗಿಳಿದು ಪ್ರಾಣಾಂತಿಕವಾಗುವುದೆಂದೂ ಎಚ್ಚರಿಸಿದನು. ವೃತ್ತಿಯಿಂದ ಬರುವ ಕ್ಯಾನ್ಸರನ್ನು ಗುರುತಿಸಿದ ಮೊದಲ ಬರಹವೆಂದು ಇದು ಮಾನ್ಯವಾಗಿದೆ.

1788ರಲ್ಲಿ ಎಂಟು ವರ್ಷಕ್ಕಿಂತ ಕಿರಿಯರನ್ನು ಈ ಕೆಲಸಕ್ಕೆ ಹಚ್ಚಬಾರದೆಂಬ ಕಾನೂನಾಯಿತು. ಅದನ್ನು ಪಾಲಿಸಿದವರು ವಿರಳ. ಅದೇ ವರ್ಷ ಡಿಸೆಂಬರ್ 22ರಂದು ಪಾಟನು ಕಾಲವಶನಾದನು. ಹುಡುಗರನ್ನು ಹೊಗೆಗೂಡಿಗೆ ಹತ್ತಿಸುವುದು ನಿಜವಾಗಿ ನಿಂತದ್ದು 1875ರ ಕಾನೂನಿನಿಂದ. ಒಂದು ಶತಮಾನದ ವಿಳಂಬಕ್ಕೆ ಕಾರಣ ಅಜ್ಞಾನವಲ್ಲ. ಯೂರೋಪಿನ ಇತರ ದೇಶಗಳಲ್ಲಿ ಮೈಮುಚ್ಚುವ ಉಡುಪು ತೊಟ್ಟು, ಚೆನ್ನಾಗಿ ಮೈತೊಳೆಯುತ್ತಿದ್ದ ಕೆಲಸಗಾರರಿಗೆ ಈ ರೋಗ ಅಪರೂಪವೆಂಬುದನ್ನು 1892ರಲ್ಲಿ ಹೆನ್ರಿ ಬಟ್ಲಿನ್ ತೋರಿಸಿಕೊಟ್ಟನು. 1895ರಲ್ಲಿ ಜರ್ಮನಿಯ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯನು ಬಣ್ಣದ ಕಾರ್ಖಾನೆಯ ಕೆಲಸಗಾರರ ಮೂತ್ರಕೋಶದಲ್ಲಿ ಕ್ಯಾನ್ಸರನ್ನು ಕಂಡನು. 1915ರಲ್ಲಿ ಜಪಾನಿನ ಯಾಮಗಿವ ಮತ್ತು ಇಚಿಕಾವ ಮೊಲದ ಕಿವಿಗೆ ಕಲ್ಲಿದ್ದಲಿನ ಟಾರನ್ನು ತಿಂಗಳುಗಟ್ಟಲೆ ಸವರಿ ಕ್ಯಾನ್ಸರ್ ಬರಿಸಿದರು. ಆ ಟಾರಿನಲ್ಲಿಯೂ ಮಸಿಯಲ್ಲಿಯೂ ಅಡಗಿರುವ ಬೆಂಜೊಪೈರೀನ್ ಎಂಬ ವಿಷವನ್ನು ವಿಜ್ಞಾನಿಗಳು ಬೇರ್ಪಡಿಸಿದುದು 1933ರಲ್ಲಿ, ಪಾಟನು ಬದುಕಿ ಬಾಳಿದ ಲಂಡನ್ನಿನಲ್ಲಿಯೇ.