ಚಕ್ರವರ್ತಿ ಕಾನ್‌ಸ್ಟಂಟೈನ್

ರೋಮನ್ ಸಾಮ್ರಾಜ್ಯದ ಕ್ರೈಸ್ತರ ಪಾಲಿಗೆ ಕ್ರಿ. ಶ. ೩೦೩ನೆಯ ವರ್ಷವು ಘೋರವಾದುದು. ಡಯೋಕ್ಲೀಷಿಯನ್ನನ ಆಜ್ಞೆಯಂತೆ ಅವರ ಪ್ರಾರ್ಥನಾಮಂದಿರಗಳು ನೆಲಸಮವಾದವು. ಧರ್ಮಗ್ರಂಥಗಳು ಅಗ್ನಿಗೆ ಆಹುತಿಯಾದವು. ಆಗ ಅದೇ ಆಸ್ಥಾನದಲ್ಲಿದ್ದ ತರುಣ ಕಾನ್‌ಸ್ಟಂಟೈನನು ಮುಂದೆ ಆ ಮತಕ್ಕೆ ಆಶ್ರಯದಾತನಾದನು.

ಇಂದಿನ ಸರ್ಬಿಯದ ನಿಶ್ ನಗರದಲ್ಲಿ ಜನಿಸಿದ ಈತನನ್ನು, ತಂದೆ ಬ್ರಿಟನ್ನಿನ ಯಾರ್ಕ್‌ನಲ್ಲಿ ತೀರಿಕೊಂಡಾಗ, ೩೦೬ರಲ್ಲಿ ಸೈನಿಕರೇ ಚಕ್ರವರ್ತಿಯೆಂದು ಸಾರಿದರು. ೩೧೨ರಲ್ಲಿ ರೋಮಿನ ಬಳಿಯ ಮಿಲ್ವಿಯನ್ ಸೇತುವೆಯ ಕಾಳಗದಲ್ಲಿ ಮ್ಯಾಕ್ಸೆಂಟಿಯಸನನ್ನು ಸೋಲಿಸಿ, ಆ ಗೆಲವನ್ನು ಕ್ರೈಸ್ತರ ದೇವರ ಅನುಗ್ರಹವೆಂದೇ ಬಗೆದನು. ಮರುವರ್ಷ ಮಿಲಾನಿನಲ್ಲಿ ಸಹಚಕ್ರವರ್ತಿ ಲಿಸಿನಿಯಸನೊಡಗೂಡಿ ಎಲ್ಲ ಮತದವರಿಗೂ ಆರಾಧನಾ ಸ್ವಾತಂತ್ರ್ಯವನ್ನಿತ್ತನು. ಕ್ರೈಸ್ತರಿಂದ ಕಸಿದ ಸ್ಥಳಗಳನ್ನು ಮರಳಿಸಲು ಒಪ್ಪಿದನು. ಅಂದೇ ಕ್ರೈಸ್ತಮತವು ರಾಜಧರ್ಮವಾಯಿತೆಂದು ಹಲವರು ತಿಳಿದಿರುವುದುಂಟು. ಅದು ನಡೆದುದು ೩೮೦ರಲ್ಲಿ, ಥಿಯೋಡೋಸಿಯಸನ ಕಾಲದಲ್ಲಿ.

ಆಶ್ರಯವಿತ್ತ ಅರಸನ ಕೈ ಸಿದ್ಧಾಂತದ ಒಳಗೂ ಚಾಚಿತು. ಕ್ರಿಸ್ತನು ದೇವನಿಂದ ಸೃಷ್ಟನಾದವನು, ಅನಾದಿಯಲ್ಲ ಎಂಬ ಏರಿಯಸನ ವಾದದಿಂದ ಕ್ರೈಸ್ತರಲ್ಲಿ ಒಡಕುಂಟಾದಾಗ, ೩೨೫ರಲ್ಲಿ ನೈಸಿಯದಲ್ಲಿ ಬಿಷಪ್ಪರ ಮಹಾಸಭೆಯನ್ನು ಕೂಡಿಸಿದವನು ಇನ್ನೂ ದೀಕ್ಷಾಸ್ನಾನವನ್ನೇ ಪಡೆಯದಿದ್ದ ಈ ಚಕ್ರವರ್ತಿ! ಏರಿಯಸನನ್ನು ಖಂಡಿಸಿದುದು ಸಭೆ. ಗಡಿಪಾರು ಮಾಡಿದುದು ಪ್ರಭುತ್ವ. ಕೆಲವೇ ವರ್ಷಗಳಲ್ಲಿ ಅವನಿಗೆ ಕ್ಷಮೆ ದೊರೆಯಿತು. ೩೩೫ರಲ್ಲಿ ನೈಸಿಯದ ನಿರ್ಣಯವನ್ನು ಎತ್ತಿಹಿಡಿದ ಅಥನೇಸಿಯಸನೇ ದೇಶಭ್ರಷ್ಟನಾದನು. ಈ ನಡುವೆ, ೩೨೬ರಲ್ಲಿ, ಹಿರಿಯ ಮಗ ಕ್ರಿಸ್ಪಸನನ್ನು ಕೊಲ್ಲಿಸಿದ ಕಳಂಕವನ್ನು ಯಾವ ದಾನದತ್ತಿಯೂ ತೊಳೆಯಲಾರದು.

೩೩೭ರಲ್ಲಿ, ಮರಣಶಯ್ಯೆಯಲ್ಲಿ, ಆತನು ದೀಕ್ಷಾಸ್ನಾನವನ್ನು ಪಡೆದನು. ಅದನ್ನಿತ್ತವನು ನಿಕೊಮಿಡಿಯದ ಬಿಷಪ್ ಯೂಸೀಬಿಯಸ್. ಏರಿಯಸನ ಪಕ್ಷಪಾತಿಯೆಂದು ನೈಸಿಯದ ಸಭೆಯ ಬಳಿಕ ಇದೇ ಚಕ್ರವರ್ತಿಯಿಂದ ಗಡಿಪಾರಾಗಿ, ಮರಳಿ ಬಂದಿದ್ದವನು.