ಹನ್ನೆರಡು ಚಾಪೆಗಳ ಶಾಲೆ: ಜೂಡೊ ಜನಕ ಜಿಗೊರೊ ಕಾನೊ

1882ನೇ ಇಸವಿ. ಟೋಕಿಯೊ ನಗರದ ಶಿತಾಯ ಪ್ರದೇಶದಲ್ಲಿದ್ದ ಏಶೋಜಿ ಎಂಬ ಪುಟ್ಟ ಬೌದ್ಧ ದೇವಾಲಯದ ಗುರುಗಳಿಗೆ ಹೊಸದೊಂದು ಚಿಂತೆ ಹತ್ತಿಕೊಂಡಿತ್ತು. ಆವರಣದಲ್ಲಿ ಕೋಣೆಗಳನ್ನು ಬಾಡಿಗೆಗೆ ಪಡೆದಿದ್ದ ಯುವ ಅಧ್ಯಾಪಕರು ವಿದ್ಯಾವಂತರು, ವಿನಯವಂತರು. ಆದರೆ ಅವರೂ ಅವರ ಶಿಷ್ಯರೂ ಒಬ್ಬರನ್ನೊಬ್ಬರು ಎತ್ತಿ ನೆಲಕ್ಕೆ ಕೆಡವುತ್ತಿದ್ದರು. ಆ ಹೊಡೆತಕ್ಕೆ ನೆಲದ ಹಲಗೆಗಳು ಕುಸಿಯುತ್ತಿದ್ದವು. ಮೃತರ ಸ್ಮರಣೆಗೆಂದು ಇರಿಸಿದ್ದ ಮರದ ಫಲಕಗಳು ಪೀಠದಿಂದ ಉರುಳಿ ಬೀಳುತ್ತಿದ್ದವು.

ಆ ಅಧ್ಯಾಪಕರೇ ಜಿಗೊರೊ ಕಾನೊ. ಆಗ ಅವರ ವಯಸ್ಸು ಇಪ್ಪತ್ತೊಂದು. ಅಲ್ಲಿ ಅವರು ತೆರೆದ ಅಭ್ಯಾಸ ಶಾಲೆಯ ಹೆಸರು ಕೊಡೊಕಾನ್. ಇಂದು ಒಲಿಂಪಿಕ್ಸ್ ಅಂಗಳದಲ್ಲಿ ನಾವು ಕಾಣುವ ಜೂಡೊ ಕ್ರೀಡೆಯ ತವರು ಅದು.

ಪೆಟ್ಟು ತಿಂದ ಬಾಲಕ

ಕಾನೊ ಜನಿಸಿದ್ದು 1860ರಲ್ಲಿ, ಇಂದಿನ ಕೋಬೆ ನಗರಕ್ಕೆ ಸೇರಿರುವ ಮಿಕಾಗೆ ಎಂಬಲ್ಲಿ. ಅಕ್ಕಿಯಿಂದ ತಯಾರಿಸುವ ಸಾಕೆ ಮದ್ಯಕ್ಕೆ ಹೆಸರಾದ ಊರದು; ಅವರದು ಅನುಕೂಲಸ್ಥ ಮನೆತನ. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಅವರು 1871ರಲ್ಲಿ ಟೋಕಿಯೊಗೆ ಬಂದರು. ಓದಿನಲ್ಲಿ ಮುಂದಿದ್ದರೂ ಗಿಡ್ಡ, ಕೃಶ ದೇಹ. ವಸತಿ ಶಾಲೆಯಲ್ಲಿ ಬಲಿಷ್ಠ ಹುಡುಗರಿಂದ ಪೆಟ್ಟು ತಿನ್ನುವುದು ನಿತ್ಯದ ಪಾಡಾಯಿತು. ದುರ್ಬಲರೂ ಬಲವಂತರನ್ನು ಮಣಿಸಬಲ್ಲ ಜುಜುತ್ಸು ಎಂಬ ವಿದ್ಯೆ ಇದೆಯೆಂದು ಕೇಳಿದ್ದ ಅವರು ಅದನ್ನು ಕಲಿಸಬಲ್ಲ ಗುರುವಿಗಾಗಿ ವರ್ಷಗಟ್ಟಲೆ ಹುಡುಕಿದರು.

ಗುರು ಸಿಗುವುದು ಸುಲಭವಾಗಿರಲಿಲ್ಲ. 1868ರ ನಂತರ ಜಪಾನ್ ಪಾಶ್ಚಾತ್ಯ ಮಾದರಿಯತ್ತ ಹೊರಳಿತ್ತು. 1876ರಲ್ಲಿ ಸಮುರಾಯ್‌ಗಳು ಖಡ್ಗ ಧರಿಸುವುದನ್ನೇ ಸರ್ಕಾರ ನಿಷೇಧಿಸಿತು. ಹಳೆಯ ಸಮರ ಕಲೆಗಳಿಗೆ ಆಶ್ರಯ ತಪ್ಪಿತು. ಹಲವು ಗುರುಗಳು ಮೂಳೆ ಕೂಡಿಸುವ ವೈದ್ಯದಿಂದ ಹೊಟ್ಟೆ ಹೊರೆಯುತ್ತಿದ್ದರು. ಅಂಥವರಲ್ಲಿ ಒಬ್ಬರಾದ ಫುಕುದಾ ಹಚಿನೊಸುಕೆ ಅವರ ಬಳಿ ಕಾನೊ 1877ರಲ್ಲಿ ಶಿಷ್ಯರಾಗಿ ಸೇರಿದರು. ಒಂದು ಪಟ್ಟಿನ ಮರ್ಮವೇನೆಂದು ಶಿಷ್ಯ ಕೇಳಿದರೆ ಗುರುಗಳು ವಿವರಿಸುತ್ತಿರಲಿಲ್ಲ. ಮತ್ತೆ ಮತ್ತೆ ಎತ್ತಿ ಒಗೆಯುತ್ತಿದ್ದರು. ಮೈಯೆಲ್ಲ ಗಾಯ, ಗಾಯದ ಮೇಲೆ ಮುಲಾಮಿನ ಪಟ್ಟಿ. ಆದರೂ ಅವರು ಬಿಡಲಿಲ್ಲ.

1879ರಲ್ಲಿ ಫುಕುದಾ ತೀರಿಕೊಂಡಾಗ ಅವರ ಕುಟುಂಬ ವಿದ್ಯೆಯ ಸುರುಳಿಗಳನ್ನು ಕಾನೊ ಕೈಗಿತ್ತಿತು. ಎರಡನೆಯ ಗುರು ಇಸೊ ಮಸತೊಮೊ ಅವರೂ 1881ರಲ್ಲಿ ಗತಿಸಿದರು. ಗುರುಗಳೊಂದಿಗೆ ವಿದ್ಯೆಯೂ ಅಳಿಯುವುದನ್ನು ಕಣ್ಣಾರೆ ಕಂಡ ಆ ತರುಣನಿಗೆ ಅದನ್ನು ಉಳಿಸುವ ಹೊಣೆ ತನ್ನದೇ ಅನ್ನಿಸಿತು.

ಮೊದಲ ವರ್ಷ

ವಿಶ್ವವಿದ್ಯಾಲಯದಲ್ಲಿ ರಾಜಕೀಯ ಶಾಸ್ತ್ರ ಮತ್ತು ಅರ್ಥಶಾಸ್ತ್ರ ಓದಿ ಮುಗಿಸಿದ್ದ ಕಾನೊ, 1882ರಲ್ಲಿ ಶ್ರೀಮಂತ ಮನೆತನಗಳ ಮಕ್ಕಳು ಓದುತ್ತಿದ್ದ ಗಕುಶುಇನ್ ಶಾಲೆಯಲ್ಲಿ ಅಧ್ಯಾಪಕರಾದರು. ಅದೇ ವರ್ಷ ಏಶೋಜಿಯಲ್ಲಿ ಕೊಡೊಕಾನ್ ಆರಂಭವಾಯಿತು. ಅಭ್ಯಾಸಕ್ಕೆ ದೊರೆತದ್ದು ಹನ್ನೆರಡು ಚಾಪೆ ಹಾಸುವಷ್ಟು, ಅಂದರೆ ಸುಮಾರು 20 ಚದರ ಮೀಟರ್ ಜಾಗ.

ಆ ವರ್ಷ ದಾಖಲಾತಿ ಪುಸ್ತಕಕ್ಕೆ ಸೇರಿದ ಹೆಸರುಗಳು ಒಂಬತ್ತೇ. ಮೊದಲನೆಯವರು ತೊಮಿತಾ ತ್ಸುನೆಜಿರೊ. ಬೇಸಿಗೆ ಕಳೆಯುವ ಹೊತ್ತಿಗೆ ಐಜು ಪ್ರಾಂತದ ಗಿಡ್ಡ ಹುಡುಗನೊಬ್ಬ ಬಂದು ಸೇರಿದ. ಮುಂದೆ ಸೈಗೊ ಶಿರೊ ಎಂದು ಹೆಸರಾದವನು ಆತನೇ. ಕಾನೊ ಶಿಷ್ಯರಿಂದ ಶುಲ್ಕ ಪಡೆಯಲಿಲ್ಲ. ಅಭ್ಯಾಸದ ಉಡುಪನ್ನೂ ತಾವೇ ಒದಗಿಸಿದರು. ಸಂಬಳ ಸಾಲದಾದಾಗ ಶಿಕ್ಷಣ ಇಲಾಖೆಗೆ ಅನುವಾದ ಮಾಡಿಕೊಟ್ಟು ಖರ್ಚು ತೂಗಿಸಿದರು. ಹಗಲು ಪಾಠ, ಬಳಿಕ ಅಭ್ಯಾಸ, ರಾತ್ರಿ ಲೇಖನಿ. ಹಲಗೆ ಮುರಿದಾಗ ದೀಪ ಹಿಡಿದು ನೆಲದಡಿಗೆ ತೆವಳಿ ಮುರಿದ ಆಸರೆಗಳನ್ನು ಸರಿಪಡಿಸುವ ಕೆಲಸವೂ ಅವರದೇ ಆಗಿತ್ತು.

ಶಾಲೆ ತೆರೆದ ಮೇಲೂ ಅವರು ಶಿಷ್ಯತ್ವ ಬಿಡಲಿಲ್ಲ. ಕಿತೊ ಪರಂಪರೆಯ ಗುರು ಈಕುಬೊ ತ್ಸುನೆತೊಶಿ ಏಶೋಜಿಗೇ ಬಂದು ಕಲಿಸುತ್ತಿದ್ದರು. ಎದುರಾಳಿಯ ಸಮತೋಲವನ್ನು ಮೊದಲು ಕದಡಬೇಕು, ಆಮೇಲೆ ಎಸೆಯಬೇಕು ಎಂಬ ಸೂತ್ರ ಕಾನೊಗೆ ಹೊಳೆದದ್ದು ಈಕುಬೊ ಅವರೊಂದಿಗಿನ ಅಭ್ಯಾಸದಲ್ಲಿ. ಮರ್ಮವನ್ನು ಮುಚ್ಚಿಡದೆ ಕಾರಣ ಸಹಿತ ವಿವರಿಸುವುದು, ಪೆಟ್ಟಾಗದಂತೆ ಬೀಳುವುದನ್ನು ಕಲಿಸುವುದು, ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ದೂರವಿಡುವುದು ಅವರ ಕ್ರಮವಾಯಿತು. ತಂತ್ರ ಎಂಬರ್ಥದ ಜುತ್ಸು ಬದಲಿಗೆ ಮಾರ್ಗ ಎಂಬರ್ಥದ ಡೊ ಸೇರಿಸಿ, ಜುಜುತ್ಸುವನ್ನು ಜೂಡೊ ಎಂದು ಕರೆದರು. ಅವರ ದೃಷ್ಟಿಯಲ್ಲಿ ಅದು ಹೊಡೆದಾಟವಲ್ಲ, ಶಿಕ್ಷಣ.

1883ರ ಆರಂಭದಲ್ಲಿ ಶಾಲೆ ಏಶೋಜಿಯಿಂದ ಕಾಂದಾ ಪ್ರದೇಶಕ್ಕೆ ಸ್ಥಳಾಂತರವಾಯಿತು. ಅದೇ ವರ್ಷ ತೊಮಿತಾ ಮತ್ತು ಸೈಗೊ ಅವರಿಗೆ ಮೊದಲ ಡಾನ್ ದರ್ಜೆ ನೀಡಲಾಯಿತು. ಕರಾಟೆ, ಟೇಕ್ವಾಂಡೊಗಳು ಮುಂದೆ ಅಳವಡಿಸಿಕೊಂಡದ್ದು ಈ ದರ್ಜೆ ಪದ್ಧತಿಯನ್ನೇ.

ಜಗತ್ತಿನ ಅಂಗಳಕ್ಕೆ

ಕಾನೊ ವೃತ್ತಿಯಿಂದ ಕೊನೆಯವರೆಗೂ ಶಿಕ್ಷಣ ತಜ್ಞರೇ. 1893ರಿಂದ 1920ರವರೆಗೆ, ನಡುನಡುವೆ ವಿರಾಮಗಳೊಂದಿಗೆ, ಟೋಕಿಯೊ ಉನ್ನತ ಅಧ್ಯಾಪಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದರು. ಚೀನಾದ ವಿದ್ಯಾರ್ಥಿಗಳಿಗಾಗಿ ಅವರು ನಡೆಸಿದ ಶಾಲೆಯಲ್ಲಿ ಲೇಖಕ ಲು ಶುನ್ ಕಲಿತರು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆಯ್ಕೆಯಾದ ಮೊದಲ ಏಷ್ಯನ್ ಅವರು. 1912ರ ಸ್ಟಾಕ್‌ಹೋಮ್ ಕೂಟಕ್ಕೆ ಇಬ್ಬರೇ ಓಟಗಾರರ ಜಪಾನ್ ತಂಡವನ್ನು ಕರೆದೊಯ್ದರು. ಜೂಡೊ ಭಾರತಕ್ಕೂ ಬಂತು. ರವೀಂದ್ರನಾಥ ಟ್ಯಾಗೋರರ ಆಹ್ವಾನದ ಮೇರೆಗೆ ಕೊಡೊಕಾನ್‌ನ ತಕಾಗಾಕಿ ಶಿಂಜೊ 1929ರಲ್ಲಿ ಶಾಂತಿನಿಕೇತನದಲ್ಲಿ ಅದನ್ನು ಕಲಿಸಿದರು.

ಟೋಕಿಯೊಗೆ ಒಲಿಂಪಿಕ್ಸ್ ತರುವುದು ಅವರ ಕೊನೆಯ ಕನಸು. 1940ರ ಕೂಟ ಟೋಕಿಯೊಗೆ ದಕ್ಕಿತು. ಆದರೆ ಜಪಾನ್ ಅಷ್ಟರಲ್ಲಿ ಚೀನಾದೊಂದಿಗೆ ಯುದ್ಧಕ್ಕಿಳಿದಿತ್ತು. ಕೈರೋ ಸಭೆಯಲ್ಲಿ ಕೂಟವನ್ನು ಉಳಿಸಿಕೊಂಡು ಹಿಂದಿರುಗುತ್ತಿದ್ದ ಕಾನೊ, 1938ರ ಮೇ 4ರಂದು ಹಿಕಾವ ಮಾರು ಹಡಗಿನಲ್ಲಿ ಕೊನೆಯುಸಿರೆಳೆದರು. ತಾಯ್ನಾಡಿನ ದಡ ಎರಡು ದಿನಗಳ ದೂರದಲ್ಲಿತ್ತು. ಎರಡೇ ತಿಂಗಳಲ್ಲಿ ಜಪಾನ್ ಸರ್ಕಾರ ಕೂಟವನ್ನು ಕೈಬಿಟ್ಟಿತು.

ಟೋಕಿಯೊ ಒಲಿಂಪಿಕ್ಸ್ ನಡೆದದ್ದು 1964ರಲ್ಲಿ. ಜೂಡೊ ಒಲಿಂಪಿಕ್ಸ್ ಪ್ರವೇಶಿಸಿದ್ದೂ ಅಲ್ಲಿಯೇ. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಸೆಣಸಾಟದಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಜಪಾನಿನ ಕಾಮಿನಾಗಾ ಅಕಿಯೊ ಅವರನ್ನು ಸೋಲಿಸಿದಾಗ ಇಡೀ ಜಪಾನ್ ಮೌನವಾಯಿತು. ಸಂಭ್ರಮದಿಂದ ಅಂಕಣಕ್ಕೆ ನುಗ್ಗಲು ಬಂದ ತಮ್ಮ ದೇಶದ ಅಭಿಮಾನಿಗಳನ್ನು ಗೀಸಿಂಕ್ ಕೈಯೆತ್ತಿ ತಡೆದರು. ಸೋತ ಎದುರಾಳಿಗೆ ಗೌರವ ಸಲ್ಲಬೇಕಿತ್ತು. ಜಪಾನ್ ಅಂದು ಪದಕ ಕಳೆದುಕೊಂಡಿತು. ಕಾನೊ ಕಲಿಸಿದ ಪಾಠ ಮಾತ್ರ ಗೆದ್ದಿತು.

ಏಶೋಜಿಯಲ್ಲಿ ಇಂದು ಜೂಡೊ ಹುಟ್ಟಿದ ಸ್ಥಳವೆಂದು ಸಾರುವ ಸ್ಮಾರಕ ಶಿಲೆಯಿದೆ.